ಕುಣಿಗೆ ಹೋದ ಕಂಬಳಿ

...ಅಲ್ಲ ತಂಗಿ, ಮುಂದ ಸರಿಸಬ್ಯಾಡ, ಆ ಹಿಂದಿನ ಫೋಟೋ ಮತ್ತೊಮ್ಮಿ ತೋರಸು. ಹಾಂ, ಇದ. ಅಮೆರಿಕಾದ ದನಗಾಹಿಗಳು ಅಂದಿ, ಹೌದಿಲ್ಲೋ? ನೋಡು, ಒಬ್ಬನ ಟೊಪಗಿ ಅಂಚು ಹರದೈತಿ, ಒಬ್ಬನ ಬೂಟಿಗೆ ಕೆಸರು ಮೆತ್ತೈತಿ, ಕುದರಿ ಸುದ್ದಾ ದಣದು ತಲಿ ತಗ್ಗಿಸೈತಿ. ಆದರೂ ತಗದ ಆ ಪುಣ್ಯಾತ್ಮ ಯಾರಿಗೂ 'ಮಾರಿ ತೊಳಕೊಂಡು ಬಾ' ಅಂದಿಲ್ಲ. ಅವರ ಶ್ರಮವನ್ನ ಅವರ ಮೈಮ್ಯಾಲಿಂದ ಅಪಹರಿಸಿಲ್ಲ. ಅದಕ್ಕ ಕಣ್ಣು ತುಂಬಿದ್ದು, ಮತ್ತೇನಲ್ಲ.

ನಮ್ಮಣ್ಣ ಬಸಪ್ಪನೂ ದನಗಾಹೀನ. ಕುದರಿ ಎಲ್ಲಿಂದ ಬರಬೇಕು, ಕಾಲ ಅವನ ಕುದರಿ. ನಮ್ಮೂರು ತುಕ್ಕಾನಟ್ಟಿಯ ದನ ಮೇಯೂ ಮಡ್ಡಿಯೊಳಗ ಮಳಿ ಇರಲಿ ಬಿಸಲಿರಲಿ, ಕರೀ ಕಂಬಳಿಯ ಕೊಪ್ಪಿ ತಲಿಗೇರಿಸಿ, ಕೋಲಿನ ಮ್ಯಾಲ ಗದ್ದ ಊರಿ ನಿಂತನಂದ್ರ, ಅವ್ವಗ ಹಿತ್ತಲದಿಂದನ ಗುರ್ತ ಹತ್ತತಿತ್ತು. ಅವ ದುಡದ, ನಾ ಓದಿದೆ. ನನ್ನ ಸಮಸ್ತ ವಿದ್ಯೆಯೂ ಆ ಕಂಬಳಿಯ ನೆರಳಾಗ ಬೆಳದದ್ದು. ಎಲ್ಲಿದ್ದೆ? ಹಾಂ, ಫೋಟೋ. ಬೆಲ್ಲದ ಬಾಗೇವಾಡಿ ಊರಿನ ಕನ್ಯಾದವರು 'ವರನ ಫೋಟೋ ಕಳಸ್ರಿ' ಅಂದ್ರು. ಅಣ್ಣ ಕಂಬಳಿ ಹೆಗಲಿಗೇರಿಸಿ ಹೊಂಟ. ಅಪ್ಪ ತಡದ: "ಕಂಬಳ್ಯಾಗ ಫೋಟೋ ತಗಸ್ತೀ? ಅಂಗಿಗೂ ಗತಿ ಇಲ್ಲದ ಮನಿ ಅಂತಾರಲೇ!" ತಾನ ಹೋಗಿ ಊರ ಮಾಸ್ತರ ಕಡಿಂದ ಕೋಟು, ಟೊಪಗಿ ಬೇಡಿ ತಂದ. ಗೋಕಾಕದ ಸ್ಟುಡಿಯೋದವ ಗದ್ದ ಎತ್ತಿಸಿ, ಹೂವಿನ ಕುಂಡದ ಬಾಜೂಕ ನಿಲ್ಲಿಸಿದನಂತ. ಅಣ್ಣ ತಿರುಗಿ ಬಂದು ನಕ್ಕ: "ಅವ್ವಾ, ಆಕಿ ಆ ಕೋಟನ್ನ ಲಗ್ನ ಆಗ್ತಾಳ ನೋಡು, ನನ್ನಲ್ಲ!"

ಫೋಟೋ ಕೈಗೆ ಬರೂದರೊಳಗ ಘಟಪ್ರಭಾ ಹೊಳಿ ತುಂಬಿ ಬಂತು. ನಡುಗಡ್ಡಿಯೊಳಗ ಸಿಕ್ಕ ಆಕಳ ಹೊಡಕೊಂಡು ಬರಾಕ ಅಣ್ಣ ಕಂಬಳಿ ದಂಡಿಮ್ಯಾಲ ಬಿಚ್ಚಿಟ್ಟು ನೀರಿಗಿಳದ. ಆಕಳು ಬಂತು. ಅಣ್ಣ... ಮರುದಿವಸ ಹೆಣ ಸಿಕ್ತು. ತೀರಿದವನ ಹೊದಿಕಿ ಮನ್ಯಾಗ ಇಡಬಾರದು, ಹೂಳೂ ಕುಣಿಯೊಳಗ ಅವನ ಕೂಡನ ಕಳಸಬೇಕು, ಅದು ನಮ್ಮಲ್ಲಿಯ ರೂಢಿ. ಅವ್ವ ಕಂಬಳಿ ಅವಚಿ ಹಿಡದು ಕುಂತಳು. "ಇದರಾಗ ಅವನ ವಾಸನಿ ಐತ್ರಿ, ನಾ ಬಿಡಂಗಿಲ್ಲ." ಅಪ್ಪ ಅಂದ: "ಮಾರಿ ನೋಡಾಕ ಫೋಟೋ ಬರತೈತಲ್ಲ, ಬಿಡು." ಆ ಒಂದು ಮಾತು ನಂಬಿ ಅವ್ವ ಕೈ ಸಡಲಿಸಿದಳು.

ಫೋಟೋ ಬಂತು. ಅವ್ವ ಬಾಗಲ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿದಳು.

"ಇವ ಯಾರ್ರೀ?"

"ಬಸಪ್ಪ," ಅಂದ ಅಪ್ಪ.

"ಅಲ್ರೀ. ಇವ ಯಾರೋ ಮಾಸ್ತರ. ನನ್ನ ಮಗ ಹಿಂಗ ಯಾವಾಗ ನಿಂತಿದ್ದ? ನನ್ನ ಮಗನ್ನ ಕೊಡ್ರಿ."

ಅವ್ವ ಸಾಯೂತನಾ ಆ ಫೋಟೋಕ್ಕ ಒಂದು ಹೂವು ಏರಿಸಲಿಲ್ಲ; ಸಂಜಿಕ ದನ ತಿರುಗೂ ಹೊತ್ತಿಗೆ ಹಿತ್ತಲದಾಗ ನಿಂತು ಮಡ್ಡಿ ಕಡೆ ನೋಡತಿದ್ದಳು.

ಏನು, ನಂದೂ ಒಂದು ತಗೀತೀ? ಹೊಸಾ ಧೋತರ ಉಟ್ಕೊಂಡು ಬರಬೇಕಾ? ಬ್ಯಾಡವ್ವಾ. ಹಿಂಗ ಕುಂತೇನಿ, ಹಿಂಗ ತಗಿ. ಯಾರದರ ತಗಿ, ಅವರ ಮನಿಯವರಿಗೆ ಗುರ್ತ ಹತ್ತೂಹಂಗ ತಗಿ.