ಟಪ್ ಎಂದ ಜಾಡಿ

ಯಾರೋ ಎಲ್ಲೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ. ಇದು ನಮ್ಮ ಪಕ್ಕದ ಮನೆಯ ಗಾಜಿನವನಿಗೆ ಆದದ್ದು. ಕಿಟಕಿ ಬಾಗಿಲಿಗೆ ಗಾಜು ಕೂರಿಸುವುದು ಅವನ ಕಸುಬು, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಗಾಜಿನವನು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ಆ ಬಾಗಿಲು ಹಾಕಿ, ಸ್ವಲ್ಪ ಹತ್ತಿರ ಬನ್ನಿ… ಜೋರಾಗಿ ಹೇಳುವಂಥದ್ದಲ್ಲ.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಅತ್ತಿಗೆಯ ಮನೆಯಿಂದ ಒಬ್ಬನೇ ವಾಪಸು ಬರುತ್ತಿದ್ದ. ಅಣ್ಣ ಸತ್ತು ಮೂರು ತಿಂಗಳು. ಆ ಮನೆ ಬೀದಿಯ ಆ ತುದಿ, ಇವನದು ಈ ತುದಿ, ನಡುವೆ ಹಳೇ ಬಾವಿ. ಅಲ್ಲಿ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಅದರ ಒಂದು ಮೂಲೆ ತುಕ್ಕು ಹಿಡಿದು ಬಾಯಿ ಬಿಟ್ಟಿದೆ. ಬೀದಿದೀಪದ ಬೆಳಕು ಅಲ್ಲಿಗೆ ಮುಟ್ಟುವುದಿಲ್ಲ.

ಬಾವಿ ದಾಟಿ ನಾಲ್ಕು ಹೆಜ್ಜೆ ಇಟ್ಟಿರಬೇಕು…

ಗುಳಕ್.

ನಿಂತ. ಏನೂ ಇಲ್ಲ. ಮತ್ತೆ ನಡೆದ. ಗುಳಕ್… ಗುಳಕ್… ಇವನ ಹೆಜ್ಜೆಗೆ ಸರಿಯಾಗಿ. ಕಪ್ಪೆ ಹಾರಿದರೆ ದುಬುಕ್ ಅನ್ನುತ್ತದೆ, ಇದು ಅದಲ್ಲ. ನಲ್ಲಿ ಸೋರಿದರೆ ತೊಟ್ ತೊಟ್, ಅದೂ ಅಲ್ಲ. ಪೂರ್ತಿ ತುಂಬದ ಜಾಡಿಯನ್ನು ಯಾರಾದರೂ ಹೊತ್ತು ನಡೆದರೆ ಒಳಗಿನ ರಸ ಗಾಜಿಗೆ ಬಡಿದು ಹೀಗೆ ಸದ್ದು ಮಾಡುತ್ತದೆ. ಅದನ್ನು ಗಾಜಿನವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಬೆನ್ನ ಹಿಂದೆಯೇ, ಏದುಸಿರಿನ ನಡುವೆ, ಪಿಸುಮಾತು.

"ಲೋ… ಎಲ್ಲಿ ಹಿಡೀಲಿ?"

ಅಣ್ಣನ ದನಿ. ಇವನು ತಿರುಗಲಿಲ್ಲ. ಓಡಲೂ ಇಲ್ಲ. ತಾನು ಓಡಿದರೆ ಪಾಪ, ಜಾಡಿ ಹೊತ್ತವನೂ ಓಡಬೇಕಾಗುತ್ತದಲ್ಲ ಅಂತ ಆ ಹೊತ್ತಿನಲ್ಲೂ ತಲೆಗೆ ಹೊಳೆಯಿತಂತೆ. ಮನೆ ಸೇರಿ ಚಿಲಕ ಹಾಕಿದವನು ಬೆಳಗಿನವರೆಗೂ ದೀಪ ಆರಿಸಲಿಲ್ಲ.

ಇವನು ಯಾಕೆ ಅಷ್ಟು ಹೆದರಿದ ಅಂತ ತಿಳಿಯಬೇಕಾದರೆ ಹಿಂದಿನದನ್ನು ಹೇಳಬೇಕು.

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಕೈಯಲ್ಲಿ ಬಲ ಜಾಸ್ತಿ, ತಾಳ್ಮೆ ಅಷ್ಟಕ್ಕಷ್ಟೇ. ಮನೆಯಲ್ಲೇ ಬಿಯರು, ವೈನು ಮಾಡುವ ಹುಚ್ಚು ಬೇರೆ. ಅಡುಗೆಮನೆಯ ಹಿಂದಿನ ಕೋಣೆ ಪೂರ್ತಿ ಹುಳಿ ದ್ರಾಕ್ಷಿ, ಯೀಸ್ಟಿನ ವಾಸನೆ. ಪ್ಲಾಸ್ಟಿಕ್ ಡ್ರಮ್ಮು ಅಂದರೆ ಅವನಿಗೆ ಆಗುತ್ತಿರಲಿಲ್ಲ. ಗಾಜೇ ಆಗಬೇಕು, ಒಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣಬೇಕು. ಜಾಡಿ ಆರಿಸಿಕೊಡುತ್ತಿದ್ದವನು ಮಾತ್ರ ತಮ್ಮ. ಬಿಯರಿಗೆ ಬಾಯಿ ಅಗಲದ್ದು, ನೊರೆ ಏರಿದರೂ ಚಿಂತೆಯಿಲ್ಲ, ಕೈ ಇಳಿಸಿ ತೊಳೆಯಬಹುದು. ವೈನಿಗೆ ಕತ್ತು ಸಪೂರದ್ದು, ಗಾಳಿ ಕಡಿಮೆ ತಾಗುತ್ತದೆ. ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ. ಠಣ್ ಅಂತ ದನಿ ಎಳೆದರೆ ಗಾಜು ಗಟ್ಟಿ. ಟಪ್ ಅಂತ ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ.

ಕೊಡುವಾಗೆಲ್ಲ ಎರಡೇ ಮಾತು ಹೇಳುತ್ತಿದ್ದ. "ತುಂಬುವಾಗ ನಾಲ್ಕು ಬೆರಳು ಜಾಗ ಬಿಡು. ಎತ್ತುವಾಗ ತಳಕ್ಕೆ ಕೈ ಕೊಡು, ಕತ್ತು ಹಿಡೀಬೇಡ." ಅಣ್ಣ ಎರಡನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಜಾಡಿಯಿರಲಿ ಮನುಷ್ಯರಿರಲಿ, ಕತ್ತಿಗೇ ಕೈ ಹಾಕುವ ಸ್ವಭಾವ ಅವನದು.

ಅಣ್ಣ ಸಾಯುವುದಕ್ಕೆ ಸುಮಾರು ಎರಡು ವರ್ಷ ಮೊದಲು ಒಂದು ಮಧ್ಯಾಹ್ನ ಆ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಗಾಜಿನವನು ಹಿಂದಿನ ಕೋಣೆಯಲ್ಲಿ ಒಬ್ಬನೇ, ಕಿಟಕಿಗೆ ಗಾಜು ಕೂರಿಸುತ್ತಿದ್ದ. ಢಬ್! ಅಂತ ಸದ್ದು. ಮೂಲೆಯಲ್ಲಿದ್ದ ದೊಡ್ಡ ಜಾಡಿ ತಾನಾಗಿಯೇ ಸಿಡಿದು ಗೋಡೆಯೆಲ್ಲ ನೇರಳೆ. ಕತ್ತಿನವರೆಗೆ ತುಂಬಿ, ಬಿರಡೆ ಬಡಿದು ಕೂರಿಸಿದರೆ ಇನ್ನೇನಾಗುತ್ತದೆ? ಹುದುಗುವ ರಸಕ್ಕೆ ಉಸಿರಾಡಲು ಜಾಗ ಬೇಡವೇ? ಆದರೆ ಅಣ್ಣ ಓಡಿ ಬಂದು ನೋಡಿದ್ದು ಒಡೆದ ಜಾಡಿ, ಪಕ್ಕದಲ್ಲಿ ಸುತ್ತಿಗೆ ಹಿಡಿದ ತಮ್ಮ.

"ಹೊಟ್ಟೆಕಿಚ್ಚಿಗೆ ಒಡೆದೆಯಾ?"

"ನಾನು ಮುಟ್ಟೇ ಇಲ್ಲ, ಅಣ್ಣ."

ಅಣ್ಣ ಇನ್ನೊಂದು ಮಾತು ಕೇಳಲಿಲ್ಲ. ಊಟಕ್ಕೆ ಕೂತಿದ್ದ ಅಷ್ಟೂ ಜನರ ಎದುರಿಗೆ ಕತ್ತು ಹಿಡಿದು ಬೀದಿಗೆ ದಬ್ಬಿದ. ಇವನು ಮೊಣಕಾಲೂರಿ ಬಿದ್ದ. ಒಬ್ಬರೂ ಎದ್ದು ಬರಲಿಲ್ಲ, ತುತ್ತು ಕೈಯಲ್ಲೇ ಇತ್ತು ಎಲ್ಲರದ್ದು. ಅವತ್ತಿನಿಂದ ಮಾತಿಲ್ಲ, ಕತೆಯಿಲ್ಲ.

ಎರಡು ವರ್ಷವಾದ ಮೇಲೆ ಒಂದು ದಿನ ಅತ್ತಿಗೆ ಇವನ ಅಂಗಡಿಗೆ ಬಂದಳು.

"ಎರಡು ಜಾಡಿ ಬೇಕಂತೆ. ಹತ್ತತ್ತು ಲೀಟರಿಂದು, ವೈನಿಗೆ. ನೀನೇ ಆರಿಸಿಕೊಡಬೇಕಂತೆ."

"ಅವನೇ ಬಂದು ಕೇಳ್ಲಿ ಅತ್ತಿಗೆ."

"ಬರ್ತಾರಪ್ಪ. ಮೊದಲು ಜಾಡಿ ಆಗ್ಲಿ."

ಅವಳು ಮುಗುಳ್ನಕ್ಕಿದ್ದನ್ನು ಇವನು ಗೇಲಿ ಅಂದುಕೊಂಡ. ಕತ್ತು ಹಿಡಿದು ದಬ್ಬುವಾಗ ಬೇಡವಾದ ತಮ್ಮ ಈಗ ಜಾಡಿಗೆ ಬೇಕಾದನೇ? ಆದರೂ ಜಾಡಿ ಮಾರುವವನ ಗೋದಾಮಿಗೆ ಹೋದ. ಸಾಲಾಗಿ ಇಟ್ಟಿದ್ದರು. ಬಗ್ಗಿ ಒಂದೊಂದನ್ನೇ ತಟ್ಟುತ್ತ ಬಂದ. ಠಣ್… ಠಣ್… ಠಣ್… ಟಪ್.

ಎತ್ತಿ ಬೆಳಕಿಗೆ ಹಿಡಿದ. ಕತ್ತಿನ ಕೆಳಗೆ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ, ಅಲ್ಲಿಂದ ಕೂದಲೆಳೆಯ ಬಿರುಕು, ಅರ್ಧ ಬೆರಳುದ್ದ. ಉಳಿದಂತೆ ಇಡೀ ಗೋದಾಮಿನಲ್ಲಿ ಅಷ್ಟು ತಿಳಿಯಾದ, ಹೊಳಪಿನ ಗಾಜು ಇನ್ನೊಂದಿರಲಿಲ್ಲ. ಒಂದು ಗಟ್ಟಿ ಜಾಡಿ ತೆಗೆದುಕೊಂಡ. ಜೊತೆಗೆ ಇದನ್ನೂ ತೆಗೆದುಕೊಂಡ.

'ಸೋರಿ ಹೋಗಲಿ. ಅವನ ನೆಲವೂ ಒಂದು ಸಲ ಕೆಂಪಾಗಲಿ. ಆಗ ಯಾರ ಕತ್ತು ಹಿಡೀತಾನೋ ನೋಡೋಣ.' ಇಷ್ಟೇ ಅಂದುಕೊಂಡದ್ದು, ಇದಕ್ಕಿಂತ ಹೆಚ್ಚು ಬಯಸಿರಲಿಲ್ಲ ಅಂತ ನನ್ನ ಮುಂದೆ ಕೂತು ಅತ್ತಿದ್ದಾನೆ. ನಾನು ನಂಬಿದ್ದೀನಿ. ಆದರೆ ನಂಬಿದ್ದರಿಂದ ಯಾರಿಗೇನು ಬಂತು? ಜಾಡಿ ಕೊಡುವಾಗೆಲ್ಲ ಹೇಳುವ ಆ ಎರಡು ಮಾತನ್ನೂ ಇವನು ಈ ಸಲ ಹೇಳಿ ಕಳಿಸಲಿಲ್ಲ.

ಎರಡು ತಿಂಗಳಾಯಿತು. ಒಂದು ಸಂಜೆ ಬಾವಿಯ ಹತ್ತಿರ ಕೂಗಾಟ. ಇವನು ಓಡಿ ಹೋಗಿ ನೋಡಿದರೆ ಅಣ್ಣ ಬಿದ್ದಿದ್ದಾನೆ. ಜಾಡಿಯ ಕತ್ತು ಹಿಡಿದು ಹೊತ್ತು ತರುತ್ತಿದ್ದನಂತೆ. ಕತ್ತು ಕೈಯಲ್ಲೇ ಉಳಿದು ಕೆಳಗಿನದು ಕಳಚಿದೆ, ಅದರ ಅಂಚು ಮಣಿಕಟ್ಟನ್ನು ಸೀಳಿದೆ. ನೆಲದ ಮೇಲೆ ವೈನ್ ಯಾವುದು, ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಣ್ಣನ ಮುಷ್ಟಿಯಲ್ಲಿ ಆ ಗಾಜಿನ ಕತ್ತು ಹಾಗೇ ಇತ್ತು. ಅದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಇವನೇ ಬಿಡಿಸಿ ಓದಿದ.

'ತಮ್ಮನಿಗೆ. ಅವತ್ತು ತಾನಾಗೇ ಒಡೆದಿತ್ತು. ತಪ್ಪು ನಂದು.'

ಆಮೇಲೆ ಅತ್ತಿಗೆ ಹೇಳಿದಳು. ಮನೆಗೆ ಬೀಗ ಹಾಕಿ ಹೋಗಿದ್ದಾಗ ಇನ್ನೊಂದು ಜಾಡಿ ಅದೇ ಥರ ಸಿಡಿದಿತ್ತಂತೆ. ಅಣ್ಣ ಆ ಗೋಡೆ ನೋಡುತ್ತ ರಾತ್ರಿಯೆಲ್ಲ ಕೂತಿದ್ದನಂತೆ. ಎರಡು ಜಾಡಿ ತರಿಸಿದ್ದು ಅದಕ್ಕೇ, ಒಂದು ತನಗೆ, ಒಂದು ತಮ್ಮನಿಗೆ. 'ಹೊಳಪಿರೋದು ಅವನಿಗಿರಲಿ' ಅಂತ ಆರಿಸಿದವನೂ ಅಣ್ಣನೇ.

ಅವತ್ತು ಬಾವಿಯ ಹತ್ತಿರ ಸೇರಿದ್ದ ಜನ ಏನೆಂದರು ಗೊತ್ತೇ? "ಗಾಜು ಬಾಚೋದಕ್ಕೆ ನೀನೇ ಸರಿ." ಇವನು ಚೂರುಗಳನ್ನೆಲ್ಲ ಬಾಚಿದ. ಬಿರುಕಿನ ಕತ್ತನ್ನೂ ಸೇರಿಸಿ ಗೋಣಿಚೀಲಕ್ಕೆ ತುಂಬಿ, ಜಾಲರಿಯ ಆ ಮೂಲೆಯಿಂದ ಬಾವಿಗೆ ಬಿಟ್ಟ. ಝಲ್… ದುಡುಂ. ಇನ್ನು ಯಾರ ಕಣ್ಣಿಗೂ ಬೀಳುವ ಹಾಗಿಲ್ಲ. ಚೀಟಿಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಬಂದು ತನ್ನ ಪೆಟ್ಟಿಗೆಯಲ್ಲಿ ಬಚ್ಚಿಟ್ಟ.

ಮನೆಯಲ್ಲಿ ಅತ್ತಿಗೆ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದಳು. "ನಾನೇ ಜಾಡಿ ತೊಳೆದು ಕೊಟ್ಟೆ. ಹೊರಗೆ ಒರೆಸಲಿಲ್ಲ. ಒದ್ದೆ ಇತ್ತು, ಜಾರ್ತು. ಅಲ್ವೇನಪ್ಪ?"

ಇವನು ಅಂದ, "ಹೌದತ್ತಿಗೆ. ಜಾರಿರಬೇಕು."

ಅಣ್ಣ ಸತ್ತದ್ದು ಅತ್ತ, ಈ ಮಾತು ಇತ್ತ. ಎರಡರಲ್ಲಿ ಯಾವುದು ದೊಡ್ಡ ಪಾಪ ಅಂತ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಅವತ್ತಿನಿಂದ ಅವಳು ಸಿಕ್ಕಿದ್ದನ್ನೆಲ್ಲ ಒರೆಸತೊಡಗಿದಳು. ತಟ್ಟೆ, ಲೋಟ, ಬಾಗಿಲ ಹಿಡಿ. ಇವನಿಗೆ ಚಹಾ ಕೊಡುವಾಗ ಲೋಟವನ್ನು ಎರಡು ಸಲ, ಮೂರು ಸಲ ಒರೆಸಿ ಕೊಡುತ್ತಿದ್ದಳು. ಇವನು ದಿನಾ ಸಂಜೆ ಹೋಗಿ ಅದನ್ನು ನೋಡಿಕೊಂಡು, ಚಹಾ ಕುಡಿದು, ರಾತ್ರಿಯಾದ ಮೇಲೆ ಬರುತ್ತಿದ್ದ. ಬಾಯಿ ಮಾತ್ರ ಬಿಡಲಿಲ್ಲ.

ಮೊದಲು ಹೇಳಿದ ಆ ರಾತ್ರಿಯ ನಂತರ ದಿನವೂ ಅದೇ. ಬಾವಿ, ನಾಲ್ಕು ಹೆಜ್ಜೆ, ಗುಳಕ್.

"ಲೋ… ಎಲ್ಲಿ ಹಿಡೀಲಿ?"

ಎಂಟು ರಾತ್ರಿ ಇವನು ತುಟಿ ಕಚ್ಚಿಕೊಂಡು ನಡೆದ. ಒಂಬತ್ತನೆಯ ರಾತ್ರಿ ತಡೆಯಲಾಗಲಿಲ್ಲ. ತಿರುಗದೆಯೇ ಪಿಸುಗುಟ್ಟಿದ.

"ತಳಕ್ಕೆ ಕೈ ಕೊಡಣ್ಣ… ಕತ್ತು ಹಿಡೀಬೇಡ."

ಹಿಂದೆ ಸದ್ದು ನಿಂತಿತು. ಅಂಗೈ ಗಾಜಿಗೆ ಉಜ್ಜಿದ ಕಿರ್ರ್ ಸದ್ದು.

"ಹಿಡ್ಕೊಂಡೆ…"

ಒಂದು ಹೆಜ್ಜೆ. ಗುಳಕ್. ಎರಡನೆಯ ಹೆಜ್ಜೆ. ಗುಳಕ್. ಆಮೇಲೆ ಚಿಟ್ ಅಂತ ಚಿಕ್ಕದೊಂದು ಸದ್ದು, ಕಡ್ಡಿ ಮುರಿದ ಹಾಗೆ. ಅದರ ಹಿಂದೆಯೇ ಝಲ್… ನೆಲಕ್ಕೆ ಸುರಿಯುವ ಸದ್ದು, ತುಂಬಾ ಹೊತ್ತು. ಇವನ ಹಿಮ್ಮಡಿ ಬೆಚ್ಚಗೆ ಒದ್ದೆಯಾಯಿತು. ಕೆಳಗೆ ನೋಡಲಿಲ್ಲ.

ಸುರಿಯುವುದು ನಿಂತಿತು. ಮತ್ತೆ, ಮೊದಲಿನ ಹಾಗೇ…

"ಲೋ… ಎಲ್ಲಿ ಹಿಡೀಲಿ?"

ಇವನು ತಿರುಗದೆಯೇ ಅಲ್ಲೇ ನೆಲದ ಮೇಲೆ ಕೂತ.

"ಎಲ್ಲಿ ಹಿಡಿದ್ರೂ ಒಡೀತದಣ್ಣ. ಅದು ಬಿರುಕು ಜಾಡಿ. ಗೊತ್ತಿದ್ದೇ ಕೊಟ್ಟೆ."

ಬೆನ್ನ ಹಿಂದಿನ ಏದುಸಿರು ನಿಂತಿತು. ಆಮೇಲೆ ಕತ್ತಿನ ಹಿಂಭಾಗದಲ್ಲಿ ಒಂದು ಕೈ. ತಣ್ಣಗಿತ್ತು. ಅವತ್ತು ಬೀದಿಗೆ ದಬ್ಬುವಾಗ ಐದೂ ಬೆರಳು ಎಲ್ಲೆಲ್ಲಿ ಕೂತಿದ್ದವೋ ಅಲ್ಲೇ ಕೂತವು. ಇನ್ನೇನು ಹಿಸುಕುತ್ತದೆ ಅಂತ ಕಣ್ಣು ಮುಚ್ಚಿದ… ಹಿಸುಕಲಿಲ್ಲ. ಸುಮ್ಮನೆ ಇಟ್ಟುಕೊಂಡಿತ್ತು, ಅಷ್ಟೇ.

"ಅವಳಿಗೆ ಹೇಳು."

ಕೈ ಎದ್ದಿತು.

ಇವನು ಎದ್ದು ವಾಪಸು ಅತ್ತಿಗೆಯ ಮನೆಗೆ ಹೋಗಿ ಬಾಗಿಲು ತಟ್ಟಿದ. ಅವಳಿನ್ನೂ ಮಲಗಿರಲಿಲ್ಲ. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಹೊಸ್ತಿಲ ಈಚೆ ನಿಂತು ಎಲ್ಲ ಹೇಳಿದ. ಗೋದಾಮು, ಟಪ್, ಬಿರುಕು, ಬಾವಿ. ಒಂದನ್ನೂ ಬಿಡಲಿಲ್ಲ. ಕೊನೆಗೆ, "ನಿಮ್ಮ ಕೈಯಿಂದ ಆಗಿದ್ದಲ್ಲ ಅತ್ತಿಗೆ" ಅಂದ.

ಅವಳು ಅಳಲಿಲ್ಲ. ಬಟ್ಟೆಯನ್ನು ನಿಧಾನಕ್ಕೆ ಮಡಿಸಿ ಪಕ್ಕಕ್ಕಿಟ್ಟಳು.

"ಮೂರು ತಿಂಗಳಿಂದ ದಿನಾ ಬಂದು ಚಹಾ ಕುಡಿದೆ."

ಇವನು ತಲೆ ತಗ್ಗಿಸಿದ.

"ಲೋಟ ಒರೆಸೋದನ್ನ ನೋಡ್ತಾ ಕೂತಿದ್ದೆ."

"ಅತ್ತಿಗೆ…"

"ಕತ್ತು ಹಿಡಿದು ದಬ್ಬಬೇಕು ನಿನ್ನ. ಅದಕ್ಕೂ ನಿನ್ನ ಮುಟ್ಟೋಕೆ ನಂಗೆ ಮನಸ್ಸಿಲ್ಲ."

ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು, ಟಕ್. ಆ ಬಾಗಿಲು ಇವನಿಗೆ ಮತ್ತೆ ತೆರೆಯಲೇ ಇಲ್ಲ. ಈಗ ಆರು ವರ್ಷ. ದಾರಿಯಲ್ಲಿ ಎದುರಾದರೂ ಅವಳು ಇವನು ಅಲ್ಲಿಲ್ಲದ ಹಾಗೆ ನಡೆದು ಹೋಗುತ್ತಾಳೆ. ಒರೆಸುವುದನ್ನು ಮಾತ್ರ ಅವತ್ತೇ ಬಿಟ್ಟಳು.

ಬರುವಾಗ ಬಾವಿಯ ಹತ್ತಿರ ಸದ್ದಿಲ್ಲ. ಇವನೇ ನಿಂತು ಕಾದ. "ಹೇಳಿದೆ ಅಣ್ಣ" ಅಂದ. ಏನೂ ಇಲ್ಲ. ಅಣ್ಣನೂ ಬಿಟ್ಟು ಹೋದ ಅಂತ ಆಗ ಅನಿಸಿ, ಅವತ್ತು ಮೊದಲ ಸಲ ಇವನಿಗೆ ಅಳು ಬಂತಂತೆ.

ಮನೆಗೆ ಬಂದರೆ ಹೊಸ್ತಿಲ ಮೇಲೆ ಜಾಡಿ.

ಹತ್ತು ಲೀಟರಿಂದು. ಇಡಿಯಾಗಿತ್ತು. ಕತ್ತಿನಿಂದ ಸರಿಯಾಗಿ ನಾಲ್ಕು ಬೆರಳು ಕೆಳಗಿನವರೆಗೆ ವೈನು. ಕತ್ತಿಗೆ ಬರೀ ದಾರ, ಚೀಟಿಯಿಲ್ಲ. ಚೀಟಿ ಇವನ ಪೆಟ್ಟಿಗೆಯಲ್ಲಿತ್ತಲ್ಲ. ತಳದ ಗುಳಿಯಲ್ಲಿ ಬಾವಿಯ ಪಾಚಿ. ಹಣತೆಯಷ್ಟು ಬೆಳಕಿನಲ್ಲೂ ಗುರುತು ಸಿಕ್ಕಿತು, ಕತ್ತಿನ ಕೆಳಗೆ ಸಾಸಿವೆ ಕಾಳಿನ ಗುಳ್ಳೆ, ಅಲ್ಲಿಂದ ಅರ್ಧ ಬೆರಳುದ್ದದ ಕೂದಲೆಳೆ.

ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬಿರಲಿಲ್ಲ. ಮರುದಿನವೇ ಅವನು ನನ್ನನ್ನು ಕರೆದು ತೋರಿಸಿದ. ಈಗಲೂ ಅವನ ಮಂಚದ ಪಕ್ಕದಲ್ಲಿದೆ, ಬೇಕಾದರೆ ಹೋಗಿ ನೋಡಿ. ಕಸ ಗುಡಿಸುವಾಗ ತಳಕ್ಕೆ ಎರಡೂ ಕೈ ಕೊಟ್ಟು ಎತ್ತಿಡುತ್ತಾನೆ. ಒಂದು ಹನಿ ಕುಡಿದಿಲ್ಲ, ಒಂದು ಹನಿ ಸೋರಿಲ್ಲ.

ತೋರಿಸಿದ ದಿನ ನಾನೇ ಬೆರಳ ಗೆಣ್ಣಿನಿಂದ ತಟ್ಟಿದೆ. ಟಪ್ ಅಂತು. ಬಾವಿಯಿಂದ ಬಂದ ಜಾಡಿಯಲ್ಲವೇ, ಒದ್ದೆಯಾಗಿರಬೇಕು ಅಂತ ಸುತ್ತಲೂ ಕೈಯಾಡಿಸಿ ನೋಡಿದೆ… ಯಾರೋ ಬಟ್ಟೆಯಲ್ಲಿ ಒರೆಸಿಟ್ಟ ಹಾಗೆ, ಒಣಗಿತ್ತು.