ದೀಪಾವಳಿ ಕಳೆದ ಮೇಲಿನ ಸಮುದ್ರ

ಅದೇ ಕಣೇ ಮೇಧಿನಿ... ಕೊ... ಕೊಂ... ಥೂ, ನಾಲಿಗೆ ತುದೀಲೇ ಇದೆ! ನನ್ನ ತವರು ನಾಗಪಟ್ಟಣದಲ್ಲಿ ಆ ಗಾಳಿಗೆ ಒಂದು ಹೆಸರಿತ್ತು. ಪೂರ್ವದಿಂದ ಬರೋ ಗಾಳಿ. ಅದು ಎದ್ದರೆ ಬೆಸ್ತರು ದೋಣಿಗಳನ್ನ ಮರಳಿನ ಮೇಲೆಳೆದು, ಹಗ್ಗ ಬಿಗಿದು, ಮನೆ ಸೇರ್ತಿದ್ರು. ಈ ಅರಸೀಕೆರೆಗೆ ಸೊಸೆಯಾಗಿ ಬಂದ ಮೇಲೆ ಆ ತಮಿಳು ಮಾತು ಯಾರ ಹತ್ರ ಆಡಲಿ ಹೇಳು? ಮರ್ತೇ ಹೋಯ್ತು.

ಇರಲಿ. ಎಲ್ಲಿ, ಆ ಮೊಬೈಲು ಈ ಕಡೆ ತಿರುಗಿಸು, ಈ ಸಲ ಪ್ರವಾಸಕ್ಕೆ ಯಾವ ಸಮುದ್ರ ಹುಡುಕಿದ್ದೀಯ ನೋಡೋಣ. ಅಂಡಮಾನಾ? ಬೇಡಮ್ಮ! ಅದೂ ನಮ್ಮೂರಿನ ಅದೇ ಸಮುದ್ರ. ದೀಪಾವಳಿ ಕಳೆದ ಮೇಲೆ ಚಂಡಮಾರುತ ಹುಟ್ಟೋ ತೊಟ್ಟಿಲು ಅದು. ಹಡಗು ನಿಂತ್ರೆ ದ್ವೀಪದಲ್ಲೇ ಕೂತಿರ್ಬೇಕು, ಅಪ್ಪ ಅಮ್ಮ ಮಗಳು ಮೂರೂ ಜನ.

ಬಾಲಿ? ಭೂಮಧ್ಯರೇಖೆ ಹತ್ರ ಬಿರುಗಾಳಿ ಕಮ್ಮಿ ಅಂತಾ? ಸರಿ, ನೀನು ಓದಿದೋಳು, ಒಪ್ಪಿದೆ. ನಿಮ್ಮಪ್ಪನ ಗತಿ? ಸಮುದ್ರ ದಾಟಿದ ಅರ್ಚಕ ಮತ್ತೆ ಗರ್ಭಗುಡಿಗೆ ಕಾಲಿಡೋ ಹಾಗಿಲ್ಲ ಅನ್ನೋದು ಗೊತ್ತಿಲ್ವಾ? ಧನುರ್ಮಾಸದಿಂದ ಯುಗಾದಿವರೆಗೂ ಪೂಜೆ ಸರದಿ ನಮ್ಮ ಮನೇದು. ನನ್ನ ಮಗ ಅಚ್ಯುತ ಬಾಲಿಗೆ ಹೋಗಿ ಬಂದ್ರೆ ಮಂಗಳಾರತಿ ಎತ್ತೋರು ಯಾರು, ನೀನಾ?... ನಗ್ಬೇಡ. ಮಾಲ್ಡೀವ್ಸೂ ಬೇಡ. ದಾಟಿದ್ದು ದಾಟಿದ್ದೇ.

ಏನು, ಉಡುಪಿ ಕಡೆಗಾ? ಹೂಂ... ನೆಲದ ಮೇಲೇ ಹೋಗ್ಬಹುದು. ಮಳೆಗಾಲವೂ ಮುಗಿದಿದೆ. ಅಲೆಯೂ... ಅಲ್ಲಿಗೂ ಬೇಡ! ಯಾಕೆ ಅಂದ್ರೆ... ಬೇಡ, ಅಷ್ಟೆ. ಅದೂ ಒಂದು ಸಮುದ್ರವೇನೇ? ಸೂರ್ಯ ಮುಳುಗ್ತಾನೆ ಅದರಲ್ಲಿ. ಸಮುದ್ರ ಅಂದ್ರೆ ಸೂರ್ಯ ಹುಟ್ಟಬೇಕು!

ಯಾಕೆ ಹಾಗೆ ನೋಡ್ತೀಯ?

ಹೌದು, ನಂಗೆ ಸಮುದ್ರ ಅಂದ್ರೆ ಭಯ. ಮನೇಲಿ ಎಲ್ಲರಿಗೂ ಗೊತ್ತಿರೋದೇ. ಅದಕ್ಕೇ ತಾನೇ ಪ್ರತಿ ಸಲ ನೀವೆಲ್ಲ ನನ್ನನ್ನ ಪಕ್ಕದ ಮನೆ ದ್ರಾಕ್ಷಾಯಣಿ ಹತ್ರ ಬಿಟ್ಟು ಹೋಗೋದು? ಬಿಡು, ಬಿಡು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಒಳ್ಳೇ ಹೆಂಗಸು. ತೋಟಕ್ಕೆ ಹೋಗೋವಾಗ ಮಾತ್ರ ಹೊರಗಿಂದ ಚಿಲಕ ಹಾಕ್ತಾಳೆ. ‘ಅಜ್ಜಿ ಎಲ್ಲಾರ ಬಿದ್ದುಗಿದ್ದಾರು, ನಂಗ್ಯಾಕವ್ವ ಕೆಟ್ಟ ಹೆಸರು’ ಅಂತ. ಕಿಟಕಿ ಹತ್ರ ಕೂತಿರ್ತೀನಿ. ತೆಂಗಿನ ಗರಿ ಗಾಳಿಗೆ ಸದ್ದು ಮಾಡಿದ್ರೆ, ಕಣ್ಣು ಮುಚ್ಚಿಕೊಂಡ್ರೆ ಅಲೆ ಥರಾನೇ ಕೇಳುತ್ತೆ. ಅಷ್ಟರಲ್ಲಿ ಸ್ಟೇಷನ್ನಲ್ಲಿ ರೈಲು ಕೂಗುತ್ತೆ... ಅಭ್ಯಾಸ ಆಗಿದೆ ಬಿಡು.

ಏನು? ಈ ಭಯ ಯಾವಾಗಿಂದ ಅಂತಾ?

...ಮದುವೆಯಾದ ಹೊಸತು. ಊರಿಗೆ ಹೋಗ್ಬೇಕು, ಸಮುದ್ರ ನೋಡ್ಬೇಕು ಅಂತ ಹಟ ಹಿಡಿದಿದ್ದೆ. ನಿಮ್ಮ ತಾತನಿಗೂ ಬಿಡುವು ಅಂತ ಸಿಗ್ತಿದ್ದದ್ದು ಈ ದೀಪಾವಳಿ ಕಳೆದ ಮೇಲೇ. ಆ ಸಲ ಗಾಳಿ ಎದ್ದು ಅತ್ತ ಕಡೆ ರೈಲೇ ಇಲ್ಲ. ಪಾಪ, ಏನು ಮಾಡ್ತಾರೆ? ಬಸ್ಸು ಹತ್ತಿಸಿ ಹಳೇಬೀಡಿಗೆ ಕರ್ಕೊಂಡು ಹೋದ್ರು. ಕೆರೆ ಏರಿ ಮೇಲೆ ನಿಲ್ಲಿಸಿ, ‘ಕೋಮಲಾ, ಈ ಊರಿಗೆ ಹಿಂದೆ ದೋರಸಮುದ್ರ ಅಂತಲೇ ಹೆಸರು. ಸದ್ಯಕ್ಕೆ ಇದನ್ನೇ ನೋಡ್ಕೋ’ ಅಂದ್ರು. ನಾನು ನಕ್ಕೆ. ಅವರು ನಗಲಿಲ್ಲ ಕಣೇ. ಮುಖ ಇಷ್ಟೇ ಇಷ್ಟಾಗಿತ್ತು. ‘ಇದೇ ವಾಸಿ ರೀ, ಆ ಸಮುದ್ರ ಅಂದ್ರೆ ನಂಗೆ ಭಯ’ ಅಂದ್ಬಿಟ್ಟೆ. ಅವರಿಗೆ ಎಷ್ಟು ಹಗುರ ಆಯ್ತು ಅಂತೀಯ! ಮನೆಗೆ ಬಂದು ಎಲ್ಲರಿಗೂ ಹೇಳಿದ್ರು. ಆಮೇಲೆ ಯಾರೂ ಕರೀಲೇ ಇಲ್ಲ. ಅವರು ಹೋದ ಮೇಲೂ...

ಅಯ್ಯೋ, ಹುಚ್ಚಿ! ನೀನ್ಯಾಕೆ ಕಣ್ಣು ಒರೆಸ್ಕೊಳ್ತೀಯ? ಮೊಬೈಲು ಯಾಕೆ ಬೋರಲು ಹಾಕಿದೆ?

ತಾಳು! ಬಂತು, ಬಂತು... ಕೊಂಡಲ್! ಕೊಂಡಲ್ ಗಾಳಿ! ಸಂಕ್ರಾಂತಿ ಹೊತ್ತಿಗೆ ಅಡಗುತ್ತೆ. ಆಮೇಲೆ ಸಮುದ್ರ ಮಲಗಿದ ಹಸು ಹಾಗಿರುತ್ತೆ. ಆಗ ನಿಮ್ಮಪ್ಪ ಬರೋ ಹಾಗಿಲ್ಲ, ಸರದಿ... ಆದ್ರೆ ಮೇಧಿನಿ, ಸರದಿ ಅವನಿಗೆ ಅಲ್ವೇನೇ? ನಂಗ್ಯಾವ ಸರದಿ? ನಿಂಗ್ಯಾವ ಸರದಿ?

ಮತ್ತೆ ಮರೆತುಬಿಡ್ತೀನಿ, ಬರ್ಕೋ ಪುಟ್ಟಿ. ಕೊಂಡಲ್ ನಿಂತ ಮೇಲೆ ನಾಗಪಟ್ಟಣ, ಅಂತ ಬರ್ಕೋ.