ಪಂಖದ ಕೆಳಗಿನ ಕುರ್ಚಿ

"ಸುಮ್ನೆ ಹಗ್ಗ ಎಳೀತಾ ಕೂತ್ಕೊಳ್ಳೋದು ತಾತ, ನಿಮ್ಮಪ್ಪ ಮಾಡ್ತಿದ್ದ ಕೆಲಸಾನೇ ತಾನೇ?" ಎಂದ ಮೇಸ್ತ್ರಿ. "ನಾಳೆ ಉದ್ಘಾಟನೆಗೆ ಬರೋ ದೊಡ್ಡೋರು ಈ ಕುರ್ಚೀಲಿ ಕೂರ್ತಾರೆ, ನೀನು ಗೋಡೆ ಆಚೆಯಿಂದ ಗಾಳಿ ಹಾಕ್ತೀಯ. ಫೋಟೋಗೆ ಚೆನ್ನಾಗಿರತ್ತೆ."

ಸಂಜೆಯ ಮಳೆ ಗೋಡೆಗೆ ಸಾರುವೆ ಕಟ್ಟಿ ಕೆಲಸ ಮಾಡುತ್ತಿದ್ದ ನಮ್ಮನ್ನೆಲ್ಲ ತೊಪ್ಪೆಯಾಗಿಸಿ ಆ ಹಳೇ ಕಚೇರಿಯೊಳಕ್ಕೆ ಅಟ್ಟಿತ್ತು. ಪಾರಂಪರಿಕ ಕಟ್ಟಡವೆಂದು ಸರ್ಕಾರ ಘೋಷಿಸಿದ ಮೇಲೆ ಅಲ್ಲಿ ಎಲ್ಲವೂ ಬಿಳಿ ದೊರೆಗಳ ಕಾಲದ ಚಿತ್ರದಲ್ಲಿದ್ದ ಹಾಗೇ ಆಗಬೇಕು. ಅದಕ್ಕೇ ದೊರೆಯ ಕುರ್ಚಿಯ ನೆತ್ತಿಗೆ, ತೇಗದ ತೊಲೆಗೆ ಬಟ್ಟೆ ಕಟ್ಟಿದ ತೂಗುಪಂಖವನ್ನು ಮತ್ತೆ ನೇತುಹಾಕಿದ್ದೆವು. ಹಗ್ಗ ಹಾಯಲೆಂದು, ಯಾರೋ ಗಾರೆ ಮೆತ್ತಿ ಮುಚ್ಚಿದ್ದ ಗೋಡೆಯ ತೂತನ್ನೂ ಕೊರೆದು ಬಿಡಿಸಿದ್ದೆವು. ಹಗ್ಗ ಮಾತ್ರ ಇನ್ನೂ ಬಂದಿರಲಿಲ್ಲ. ಕಿಟಕಿ ಬಾಗಿಲುಗಳನ್ನೆಲ್ಲ ಜಡಿದು ನಾವು ನೆಲದ ಮೇಲೆ ಕೂತೆವು. ಮೇಸ್ತ್ರಿ ಮಾತ್ರ ನೀರು ತೊಟ್ಟಿಕ್ಕುವ ತಲೆಯಲ್ಲೇ ಹೋಗಿ ದೊರೆಯ ಕುರ್ಚಿ ಹಿಡಿದಿದ್ದ.

"ಮೊದಲು ಅಲ್ಲಿಂದ ಏಳಪ್ಪ," ಎಂದ ಕಾವಲುಗಾರ ತಾತ.

"ಯಾಕೆ, ಬಾಡಿಗೆ ಕೇಳ್ತೀಯಾ?"

ನಾವು ನಕ್ಕೆವು. ತಾತ ನಗಲಿಲ್ಲ.

"ನಾನಿನ್ನೂ ಹೊಟ್ಟೇಲಿದ್ದೆ ಕಣ್ರಪ್ಪ... ನಮ್ಮವ್ವ ಕಣ್ಣಾರೆ ಕಂಡು ಹೇಳಿದ್ದು. ಸುಡುಸುಡು ಮಧ್ಯಾಹ್ನ, ದೊರೆ ಒಳಗೆ ಈ ಕುರ್ಚೀಲಿ, ನಮ್ಮಪ್ಪ ಆಚೆ ಜಗುಲೀಲಿ, ಬೆಳಗಿಂದ ಎಳೆದೂ ಎಳೆದೂ ರಟ್ಟೆ ಬಿದ್ದುಹೋಗಿ ಒಂದು ಗಳಿಗೆ ಕಣ್ಣು ಮುಚ್ಚಿದ್ದಾನೆ. ಮನುಷ್ಯ ಅಲ್ವಾ? ಗಾಳಿ ನಿಂತಿದ್ದೇ ತಡ ದೊರೆ ಬಂದ, ಬೂಟುಗಾಲಲ್ಲಿ ಬಾಯಿಗೇ ಒದ್ದ, ಆ ಹಗ್ಗಾನ ಅಪ್ಪನ ಕೊರಳಿಗೆ ಸುತ್ತಿ ಬಿಗಿದ... 'ಇನ್ನು ಹೆಂಗೆ ಮಲಗ್ತೀಯ ನೋಡ್ತೀನಿ' ಅಂತ ಒಳಗೆ ಹೋಗಿ, ಆ ಕಡೆಯಿಂದ ಎರಡು ಕೈಲೂ ಜಗ್ಗಿದ. ಅಪ್ಪನ ತಲೆ ಹೋಗಿ ತೂತಿಗೆ ಬಡೀತು. ಕುತ್ತಿಗೆ ಒಣಕಡ್ಡಿ ಥರ ಲಟಕ್ ಅಂತು. ಊಟ ತಂದಿದ್ದ ಅವ್ವನ ಕಾಲಿಗೆ ರಕ್ತ ಸಿಡೀತು..."

ತಾತ ಬಾಗಿಲಿನತ್ತ ನೋಡಿ, ಮತ್ತೆ ಶುರುಮಾಡಿದ.

"ಆಮೇಲೆ ಏನಾಯ್ತು ಅಂತೀರಿ? ಹಗ್ಗ ಆಡೋಕೆ ಶುರುವಾಯ್ತು. ಎಳೆಯೋ ಕೈ ಎರಡೂ ನೆಲದ ಮೇಲೆ ಸತ್ತು ಬಿದ್ದಿವೆ... ಹಗ್ಗ ಹೋಗ್ತದೆ, ಬರ್ತದೆ, ಹೋದಾಗೆಲ್ಲ ಅಪ್ಪನ ತಲೆ ಎದ್ದು ಗೋಡೆಗೆ ಟಕ್... ಟಕ್... ಒಳಗಿಂದ ದೊರೆ, 'ಹಾಂ, ಈಗ ಬಂತು ಬುದ್ಧಿ' ಅಂತಾನೆ! ಗಾಳಿ ಜೋರಾಯ್ತು, ಕಾಗದ ಎಲ್ಲ ಹಾರಿದ್ವು, 'ಸಾಕು, ನಿಲ್ಸು' ಅಂದ, ಆಮೇಲೆ ಬರೀ ಕಿರುಚಾಟ. ಜವಾನರು ಬಾಗಿಲು ಒಡೆದು ನೋಡಿದ್ರೆ, ದೊರೆ ತಲೆಬುರುಡೆ ತೆಂಗಿನ ಚಿಪ್ಪಿನಂಗೆ ಹೋಳಾಗಿದೆ, ಹಲ್ಲು ಮೇಜಿನ ಮೇಲೆ ಚೆಲ್ಲಿವೆ. ತೊಲೆ ಇದ್ದಿದ್ದು ಅವನ ನೆತ್ತಿಗಿಂತ ಎರಡು ಮಾರು ಮೇಲೆ. ಅದರ ಅಂಚಿಂದ ರಕ್ತ ಸುರೀತಿತ್ತು. ಆವತ್ತೇ ಪಂಖ ಇಳಿಸಿ, ತೂತು ಮುಚ್ಚಿದ್ರು... ಈಗ ನೀವು ತೆಗೆದ್ರಿ. ಇವತ್ತೇ ಇಳಿಸಿಬಿಡಪ್ಪ ಮೇಸ್ತ್ರಿ, ನಾಳೆ ಇನ್ಯಾರ ತಲೇನೋ."

"ಹಗ್ಗಾನೇ ಇಲ್ವಲ್ಲ ತಾತ, ಇನ್ನೆಂಥಾ ಭಯ?"

"ಆವತ್ತು ಎಳೆಯೋನು ಇದ್ದನಾ? ನಾಳೆಗೆ ನಾನ್ಯಾಕೆ ಬೇಕು ಹೇಳು. ನಮ್ಮಪ್ಪ ಇನ್ನೂ ಕೆಲಸ ಬಿಟ್ಟಿಲ್ಲ."

"ಒಳ್ಳೇ ಕತೆ," ಎಂದು ಮೇಸ್ತ್ರಿ ತಲೆ ಒರೆಸಿಕೊಳ್ಳಲು ಟವೆಲ್ ಎತ್ತಿದವನು, ಕೈಯನ್ನು ನೆತ್ತಿಯ ಮೇಲೆ ಹಾಗೇ ನಿಲ್ಲಿಸಿದ. ನಮ್ಮೆಲ್ಲರ ಕೂದಲಿಂದ ಇನ್ನೂ ನೀರು ಇಳಿಯುತ್ತಿತ್ತು. ಪಂಖದ ಕೆಳಗೆ ಕೂತಿದ್ದ ಅವನದು ಮಾತ್ರ ಒಣಗಿ ಗರಿಗರಿಯಾಗಿತ್ತು.